ಕ್ಯಾರವಾನ್ ತಾಣದ ಅರ್ಜಿಗೆ ನಾನು ಆಕ್ಷೇಪಣೆ ಬರೆದ ಬಗೆ

ನಾವು ಇಂಗ್ಲೆಂಡಿನ ನೈಋತ್ಯ ಭಾಗದ ಹಳ್ಳಿಯೊಂದರಲ್ಲಿ ವಾಸವಾಗಿದ್ದೇವೆ. ನಮ್ಮ ಮನೆಯೆದುರಿನ ಕಿರುದಾರಿಯ ಮೇಲ್ತುದಿಯಲ್ಲಿ ಒಂದು ಹುಲ್ಲುಗಾವಲಿದೆ. ರಜೆಗೆ ಬರುವವರು ಕಾರಿಗೆ ಕಟ್ಟಿಕೊಂಡು ತರುವ ಇಪ್ಪತ್ತು ಟೂರಿಂಗ್ ಕ್ಯಾರವಾನ್‌ಗಳಿಗೆ, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆಗಳಿಗೆ, ಅಲ್ಲಿ ಜಾಗ ಮಾಡಲು, ಕಾಯಂ ಆಗಿ ನಿಲ್ಲುವ ಎಂಟು ಸ್ಟ್ಯಾಟಿಕ್ ಕ್ಯಾರವಾನ್‌ಗಳನ್ನು ಇರಿಸಲು ಮತ್ತು ಒಂದು ಸ್ನಾನಗೃಹದ ಕಟ್ಟಡ ಕಟ್ಟಲು ಅನುಮತಿ ಕೋರಿ ಜಮೀನಿನ ಒಡೆಯರು ಜಿಲ್ಲಾ ಕೌನ್ಸಿಲ್‌ಗೆ ಅರ್ಜಿ ಹಾಕಿದ್ದರು. ವಕೀಲರನ್ನಾಗಲಿ ಸಲಹೆಗಾರರನ್ನಾಗಲಿ ಹಿಡಿಯದೆ ಅದಕ್ಕೆ ನಾನೇ ಆಕ್ಷೇಪಣೆ ಸಿದ್ಧಪಡಿಸಿದೆ. ಈ ದೇಶದ ಹಳ್ಳಿಗಳಲ್ಲಿ ಮನೆ ಮಾಡಿಕೊಂಡಿರುವ ಇತರ ಕನ್ನಡಿಗರಿಗೂ ಉಪಯೋಗವಾದೀತೆಂದು ಅದನ್ನು ಹೇಗೆ ಮಾಡಿದೆನೆಂದು ಬರೆಯುತ್ತಿದ್ದೇನೆ.

ಅರ್ಜಿಯ ನೋಟಿಸನ್ನು ಗೇಟಿನ ಕಂಬಕ್ಕೆ ಕಟ್ಟಿದ ದಿನದಿಂದ ಅಭಿಪ್ರಾಯ ತಿಳಿಸಲು ಸಾರ್ವಜನಿಕರಿಗೆ ಸಾಮಾನ್ಯವಾಗಿ 21 ದಿನಗಳ ಕಾಲಾವಕಾಶವಿರುತ್ತದೆ. ಆ ಅವಧಿಯಲ್ಲಿ ಹಳ್ಳಿಯವರು ಬರೆದ ಪತ್ರಗಳು ಕೌನ್ಸಿಲ್‌ನ ಜಾಲತಾಣದಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳತೊಡಗಿದವು. ಬಹುಪಾಲು ಪತ್ರಗಳಲ್ಲಿ ಇದ್ದದ್ದು ಕಿಟಕಿಯಿಂದ ಕಾಣುವ ನೋಟ ಹಾಳಾಗುತ್ತದೆ, ಮನೆಯ ಬೆಲೆ ಇಳಿಯುತ್ತದೆ, ಅರ್ಜಿದಾರರಿಗೆ ದುಡ್ಡಿನ ಆಸೆ ಎಂಬ ಮಾತುಗಳು. ಕಟ್ಟಡಗಳನ್ನೂ ಜಮೀನಿನ ಬಳಕೆಯನ್ನೂ ನಿಯಂತ್ರಿಸುವ ಯೋಜನಾ ಕಾನೂನಿನ ಲೆಕ್ಕಕ್ಕೆ ಇವು ಯಾವುವೂ ಬರುವುದಿಲ್ಲ. 2004ರ ಯೋಜನೆ ಮತ್ತು ಕಡ್ಡಾಯ ಖರೀದಿ ಕಾಯಿದೆಯ 38(6)ನೇ ಸೆಕ್ಷನ್ ಪ್ರಕಾರ ಅರ್ಜಿಯನ್ನು ಸ್ಥಳೀಯ ಅಭಿವೃದ್ಧಿ ಯೋಜನೆಗೆ ಅನುಗುಣವಾಗಿಯೇ ತೀರ್ಮಾನಿಸಬೇಕು. ಅದರಿಂದ ಸರಿಯಬೇಕಾದರೆ ರಸ್ತೆ ಸುರಕ್ಷತೆ, ಭೂದೃಶ್ಯ, ಚರಂಡಿ, ಸದ್ದು, ವನ್ಯಜೀವಿಗಳಂಥ ಪರಿಗಣನಾರ್ಹ ಸಂಗತಿಗಳಿರಬೇಕು. ಹಾಗಾಗಿ ನಾನು ಮೊದಲು ಓದಿದ್ದು ಅರ್ಜಿಯನ್ನಲ್ಲ, ಕೌನ್ಸಿಲ್‌ನ ಲೋಕಲ್ ಪ್ಲಾನನ್ನು. ಅದರಲ್ಲಿ ಗ್ರಾಮೀಣ ಪ್ರವಾಸೋದ್ಯಮಕ್ಕೆ ಸಂಬಂಧಿಸಿದ ಒಂದು ನೀತಿ, ರಸ್ತೆ ಪ್ರವೇಶದ ಬಗ್ಗೆ ಇನ್ನೊಂದು, ಭೂದೃಶ್ಯದ ಬಗ್ಗೆ ಮತ್ತೊಂದು ಸಿಕ್ಕವು. ಪತ್ರದ ಉದ್ದಕ್ಕೂ ಈ ಮೂರರ ಸಂಖ್ಯೆಗಳನ್ನೇ ಹಿಡಿದು ನಡೆದೆ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಈ ದೇಶದಲ್ಲಿ ಕ್ಯಾರವಾನ್ ಎಂದ ಕೂಡಲೇ ಕೆಲವರ ಬಾಯಲ್ಲಿ ಅಲೆಮಾರಿ ಹಿನ್ನೆಲೆಯ ಜಿಪ್ಸಿ ಮತ್ತು ಟ್ರಾವೆಲರ್ ಸಮುದಾಯಗಳ ಹೆಸರು ಬರುತ್ತದೆ, ಅದೂ ಒಳ್ಳೆಯ ದನಿಯಲ್ಲಿ ಅಲ್ಲ. ರೋಮಾನಿ ಜಿಪ್ಸಿಗಳಿಗೂ ಐರಿಷ್ ಟ್ರಾವೆಲರ್‌ಗಳಿಗೂ 2010ರ ಸಮಾನತಾ ಕಾಯಿದೆಯ ರಕ್ಷಣೆಯಿದೆ, ಮತ್ತು ಜನಾಂಗದ ಬಗ್ಗೆ ಹೀನಾಯವಾಗಿ ಬರೆದ ಪತ್ರಗಳನ್ನು ಕೌನ್ಸಿಲ್‌ಗಳು ಪರಿಗಣಿಸುವುದಿಲ್ಲ. ನಮ್ಮದು ರಜಾ ತಾಣದ ಅರ್ಜಿಯಾಗಿದ್ದರೂ 'ಎಂಥೆಂಥವರೋ ಬಂದು ಸೇರುತ್ತಾರೆ' ಎಂಬ ಮಾತು ಹಳ್ಳಿಯ ಸಭೆಯಲ್ಲಿ ಕೇಳಿಬಂತು. ಹೊರಗಿನಿಂದ ಬಂದು ಇದೇ ಹಳ್ಳಿಯಲ್ಲಿ ನೆಲೆಸಿದ ನನಗೆ ಆ ಮಾತಿನ ಪಕ್ಕದಲ್ಲಿ ನನ್ನ ಸಹಿ ಹಾಕುವುದು ಸಾಧ್ಯವಿರಲಿಲ್ಲ. ಸಾಮೂಹಿಕ ಮನವಿಯಿಂದ ದೂರ ಉಳಿದು ಪ್ರತ್ಯೇಕವಾಗಿ ಬರೆಯಲು ಅದೂ ಒಂದು ಕಾರಣ. ಮತ್ತೊಂದು ಕಾರಣ ಬರಿಯ ವ್ಯಾವಹಾರಿಕವಾದದ್ದು: ನೂರು ಜನ ಸಹಿ ಹಾಕಿದ ಒಂದೇ ಒಕ್ಕಣೆಗಿಂತ, ಅಧಿಕಾರಿ ತನ್ನ ವರದಿಗೆ ನೇರವಾಗಿ ಎತ್ತಿಕೊಳ್ಳಬಹುದಾದ ಒಂದು ಅಳತೆಗೆ ಹೆಚ್ಚು ತೂಕವಿದೆ.

ಅರ್ಜಿಯ ನಕ್ಷೆಗಳನ್ನು ನೋಡುವಾಗ ಕ್ಯಾರವಾನ್ ಎಂದರೆ ಕಾನೂನಿನಲ್ಲಿ ಏನು ಎಂಬುದು ತಿಳಿದಿರಬೇಕು. 1968ರ ಕ್ಯಾರವಾನ್ ತಾಣಗಳ ಕಾಯಿದೆಯ ಪ್ರಕಾರ, ಎರಡು ಭಾಗಗಳನ್ನು ಸ್ಥಳದಲ್ಲಿಯೇ ಜೋಡಿಸಿದ ಘಟಕವೂ ಕ್ಯಾರವಾನೇ. ಅದು 20 ಮೀಟರ್ ಉದ್ದ, 6.8 ಮೀಟರ್ ಅಗಲದವರೆಗೆ ಇರಬಹುದು. ಒಳಗಿನ ಎತ್ತರ 3.05 ಮೀಟರ್ ಮೀರಬಾರದು. ನಕ್ಷೆಯಲ್ಲಿ ಸ್ಟ್ಯಾಟಿಕ್ ಕ್ಯಾರವಾನ್‌ಗಳ ಜಾಗದಲ್ಲಿ ಸಣ್ಣ ಆಯತಗಳನ್ನು ಬರೆದು 'ಸೂಚಕ ಮಾತ್ರ' ಎಂದು ಬಿಟ್ಟಿದ್ದರು. ಗಾತ್ರವನ್ನು ಷರತ್ತಿನಲ್ಲಿ ಕಟ್ಟಿಹಾಕದಿದ್ದರೆ ಅಲ್ಲಿ ಎಂಟು ಮರದ ಬಂಗಲೆಗಳು ನಿಲ್ಲಬಹುದು, ಹಾಗಾಗಿ ಅರ್ಜಿದಾರರ ಭೂದೃಶ್ಯ ವರದಿ ಅಳೆದದ್ದು ಬರಲಿರುವ ಗಾತ್ರವನ್ನಲ್ಲ ಎಂದು ಪತ್ರದಲ್ಲಿ ತೋರಿಸಿದೆ.

ಆದರೆ ನನ್ನ ಆಕ್ಷೇಪಣೆಯ ಜೀವಾಳ ದಾರಿಯೇ ಆಗಿತ್ತು. ಇಕ್ಕೆಲಗಳಲ್ಲೂ ಆಳೆತ್ತರದ ಮಣ್ಣಿನ ಬದು, ಅದರ ಮೇಲೆ ದಟ್ಟವಾದ ಗಿಡಬೇಲಿ; ಪಕ್ಕಕ್ಕೆ ಸರಿಯಲು ಹುಲ್ಲಂಚೂ ಇಲ್ಲ. ಅರ್ಜಿಯ ಜೊತೆಗಿದ್ದ ಸಂಚಾರ ವರದಿಯು ದಾರಿಯ ಅಗಲವನ್ನು ಕೂಡುರಸ್ತೆಯ ಬಳಿ, ಅಂದರೆ ಅದು ಅತ್ಯಂತ ಅಗಲವಾಗಿರುವ ಕಡೆ, ಒಮ್ಮೆ ಅಳೆದು ಬಿಟ್ಟಿತ್ತು. ನಾನು ಪಕ್ಕದ ಮನೆಯವರನ್ನು ಜೊತೆಗೆ ಕರೆದುಕೊಂಡು, ಇಬ್ಬರೂ ಹೊಳೆಯುವ ಜಾಕೆಟ್ ತೊಟ್ಟು, ಪ್ರತಿ ತಿರುವಿನಲ್ಲೂ ಟೇಪು ಹಿಡಿದು ಡಾಂಬರಿನ ಅಂಚಿನಿಂದ ಅಂಚಿಗೆ ಅಳೆದೆ. ಟೇಪು ಕಾಣುವಂತೆ ಫೋಟೋ ತೆಗೆದು ಪ್ರತಿ ಜಾಗವನ್ನೂ ಭೂಪಟದಲ್ಲಿ ಅಕ್ಷರದಿಂದ ಗುರುತಿಸಿದೆ. ಅತ್ಯಂತ ಕಿರಿದಾದ ಕಡೆ 2.9 ಮೀಟರ್ ಬಂತು. ಕಾರು ಎಳೆಯುವ ಕ್ಯಾರವಾನಿನ ಅಗಲ 2.55 ಮೀಟರ್‌ವರೆಗೆ ಇರಬಹುದು. ಎರಡು ಕಾರುಗಳು ಪರಸ್ಪರ ದಾಟಲು 4.1 ಮೀಟರ್, ಒಂದು ಕಾರು ಮತ್ತು ಒಂದು ಲಾರಿ ದಾಟಲು 4.8 ಮೀಟರ್ ಬೇಕೆಂದು 2007ರ 'ಮ್ಯಾನುಯಲ್ ಫಾರ್ ಸ್ಟ್ರೀಟ್ಸ್' ಕೈಪಿಡಿ ತೋರಿಸುತ್ತದೆ. ಅದು ಮುಖ್ಯವಾಗಿ ವಸತಿ ಬೀದಿಗಳಿಗೆಂದು ಬರೆದದ್ದಾದರೂ ವಾಹನದ ಅಗಲ ಎಲ್ಲಿಯಾದರೂ ಒಂದೇ ತಾನೆ.

ಅಗಲ ಕಡಿಮೆ ಎಂದಷ್ಟೇ ಹೇಳಿದರೆ ಸಾಲದು. ರಸ್ತೆಯ ಕಾರಣಕ್ಕೆ ಅನುಮತಿ ನಿರಾಕರಿಸಬೇಕಾದರೆ ಸುರಕ್ಷತೆಯ ಮೇಲಿನ ಪರಿಣಾಮ ಒಪ್ಪಲಾಗದಂಥದ್ದಾಗಿರಬೇಕು, ಇಲ್ಲವೇ ರಸ್ತೆಜಾಲದ ಮೇಲಿನ ಒಟ್ಟು ಪರಿಣಾಮ ತೀವ್ರವಾಗಿರಬೇಕು ಎಂಬುದು ರಾಷ್ಟ್ರೀಯ ಯೋಜನಾ ನೀತಿಯ ಮಾನದಂಡ. 'ವಾಹನಗಳು ಹೆಚ್ಚಾಗುತ್ತವೆ' ಎಂಬ ದೂರು ಈ ಹೊಸ್ತಿಲನ್ನು ದಾಟುವುದಿಲ್ಲ. ಆದ್ದರಿಂದ ಎದುರುಬದುರಾದಾಗ ಏನಾಗುತ್ತದೆ ಎಂಬುದನ್ನೇ ವಿವರಿಸಿದೆ: 'ಸಿ ಮತ್ತು ಡಿ ಗುರುತುಗಳ ನಡುವೆ ವಾಹನ ಸರಿದು ನಿಲ್ಲುವ ಜಾಗವೊಂದೂ ಇಲ್ಲ; ಕ್ಯಾರವಾನ್ ಎಳೆಯುವ ಕಾರಿಗೆ ಹಾಲಿನ ಟ್ಯಾಂಕರ್ ಎದುರಾದರೆ ಎರಡರಲ್ಲೊಂದು ಕುರುಡು ತಿರುವಿನ ಮೂಲಕ ಹಿಂದಕ್ಕೆ ಹೋಗಲೇಬೇಕು.' ಕ್ಯಾರವಾನನ್ನು ಹಿಂದಕ್ಕೆ ತೆಗೆಯುವವರು ಸ್ಟಿಯರಿಂಗ್ ಅನ್ನು ಒಂದು ಕಡೆ ತಿರುಗಿಸಿದರೆ ಕ್ಯಾರವಾನ್ ಇನ್ನೊಂದು ಕಡೆ ವಾಲುತ್ತದೆ. 1997ರ ಜನವರಿಯಿಂದ ಈಚೆಗೆ ಲೈಸೆನ್ಸ್ ಪಡೆದವರಿಗೆ ಭಾರದ ಟ್ರೇಲರ್ ಎಳೆಯಲು ಮೊದಲಿದ್ದ ಪ್ರತ್ಯೇಕ ಪರೀಕ್ಷೆಯೂ 2021ರ ಡಿಸೆಂಬರ್‌ನಿಂದ ಇಲ್ಲ. ವಾಹನದ ಪಥವನ್ನು ತೋರಿಸುವ ಸ್ವೆಪ್ಟ್ ಪಾತ್ ನಕ್ಷೆಯನ್ನು ತಾಣದ ಗೇಟಿಗೆ ಮಾತ್ರವಲ್ಲದೆ ಆ ತಿರುವುಗಳಿಗೂ ಒದಗಿಸುವಂತೆ ಕೇಳಬೇಕೆಂದು ಕೋರಿದೆ. ಇಡೀ ಪತ್ರದಲ್ಲಿ ಫಲ ಕೊಟ್ಟ ವಾಕ್ಯ ಯಾವುದೆಂದರೆ ಇದೇ.

ಹಾಗೆಯೇ ಎರಡು ಸಂಗತಿಗಳಲ್ಲಿ ಸಂಯಮ ವಹಿಸಿದೆ. ದಾರಿಯ ವೇಗಮಿತಿ ಕಾಗದದಲ್ಲಿ ಗಂಟೆಗೆ 60 ಮೈಲಿಯಾದರೂ, ಅಧಿಕಾರಿಗಳು ಸಾಮಾನ್ಯವಾಗಿ ನೋಡುವುದು ನೂರರಲ್ಲಿ ಎಂಬತ್ತೈದು ವಾಹನಗಳು ಮೀರದ ನಿಜವಾದ ವೇಗವನ್ನು. ಅಂಥ ದಾರಿಯಲ್ಲಿ ಅರವತ್ತರ ಮಾತೆತ್ತಿದರೆ ಉಳಿದ ವಾದವೂ ಹಗುರವಾಗುತ್ತದೆ. ಪೊಲೀಸ್ ದಾಖಲೆಯಲ್ಲಿ ಅಲ್ಲಿ ಅಪಘಾತಗಳಿರಲಿಲ್ಲ. ಅದನ್ನು ಅರ್ಜಿದಾರರು ಎತ್ತಿ ತೋರಿಸುವುದು ಖಚಿತವಾಗಿದ್ದರಿಂದ ನಾನೇ ಒಪ್ಪಿಕೊಂಡು, ಈಗ ಅಲ್ಲಿ ಓಡಾಡುವವರು ದಾರಿ ಬಲ್ಲ ಕೆಲವೇ ಮಂದಿ ಎಂದು ಸೇರಿಸಿದೆ.

ಚರಂಡಿ ನೀರು, ರಾತ್ರಿ ದೀಪಗಳ ಬಗ್ಗೆ ಒಂದೊಂದು ಪ್ಯಾರಾ ಸಾಕಾಯಿತು. ಬೇಲಿಯ ವಿಷಯ ಮಾತ್ರ ದಾರಿಯ ವಿಷಯಕ್ಕೇ ಹೆಣೆದುಕೊಂಡಿತ್ತು: ಗೇಟಿನಿಂದ ಹೊರಬರುವವರಿಗೆ ದಾರಿ ಕಾಣಬೇಕಾದರೆ ಬೇಲಿಯ ಉದ್ದನೆಯ ಭಾಗವನ್ನು ಕಿತ್ತುಹಾಕಬೇಕು, ಉಳಿಸಿದರೆ ದಾರಿ ಕಾಣುವುದಿಲ್ಲ. ನಿರ್ಮಾಣದ ನಂತರ ಜೀವವೈವಿಧ್ಯ ಮೊದಲಿಗಿಂತ 10% ಹೆಚ್ಚಿರಬೇಕೆಂಬ, 2024ರಿಂದ ಕಡ್ಡಾಯವಾಗಿರುವ ಲೆಕ್ಕದಲ್ಲಿ ಬೇಲಿಯನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ. ಕಿತ್ತ ಬೇಲಿಗೆ ಬದಲಾಗಿ ಹುಲ್ಲುಗಾವಲಿನಲ್ಲಿ ಹೂಗಿಡ ಬಿತ್ತಿದರೆ ಲೆಕ್ಕ ಸರಿಹೋಗುವುದಿಲ್ಲ.

ಪ್ಯಾರಿಷ್ ಕೌನ್ಸಿಲ್ ನಮ್ಮೂರಿನ ಗ್ರಾಮ ಪಂಚಾಯಿತಿಯಂತೆ ಕಂಡರೂ ಅದಕ್ಕೆ ತೀರ್ಮಾನಿಸುವ ಅಧಿಕಾರವಿಲ್ಲ, ಅಭಿಪ್ರಾಯ ಹೇಳಬಹುದಷ್ಟೆ. ಆದರೂ ಅದರ ಸಭೆಗೆ ಹೋಗಿ ಅಳತೆಗಳ ಪ್ರತಿ ಕೊಟ್ಟೆ. ಅರ್ಜಿಯನ್ನು ಅಧಿಕಾರಿಗಳ ಮಟ್ಟದಲ್ಲೇ ಮುಗಿಸದೆ ಸಮಿತಿಯ ಮುಂದೆ ತರುವಂತೆ ಕೇಳಲು ನಮ್ಮ ವಾರ್ಡಿನ ಕೌನ್ಸಿಲರ್‌ಗೂ ಬರೆದೆ. ಇದು ಮುಖ್ಯ, ಏಕೆಂದರೆ ನಿರಾಕರಣೆಯಾದರೆ ಅರ್ಜಿದಾರರು ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅನುಮತಿ ಸಿಕ್ಕರೆ ನೆರೆಯವರಿಗೆ ಅಂಥ ಹಕ್ಕಿಲ್ಲ, ಆರು ವಾರಗಳೊಳಗೆ ಹೈಕೋರ್ಟಿಗೆ ಹೋಗುವ ದುಬಾರಿ ದಾರಿಯೊಂದೇ ಉಳಿಯುತ್ತದೆ.

ಸಮಿತಿಯವರೆಗೆ ವಿಷಯ ಹೋಗಲಿಲ್ಲ. ಕೌಂಟಿಯ ಹೆದ್ದಾರಿ ಅಧಿಕಾರಿಗಳು ತಿರುವುಗಳ ಪಥದ ನಕ್ಷೆ ಕೇಳಿದರು, ಅದು ಬರಲಿಲ್ಲ, ಅರ್ಜಿದಾರರು ಅರ್ಜಿಯನ್ನು ಹಿಂತೆಗೆದುಕೊಂಡರು. ಕೆಲವು ತಿಂಗಳ ನಂತರ ಅದೇ ಒಡೆಯರು ಬೇರೊಂದು ಅರ್ಜಿ ಹಾಕಿದರು: ಟೂರಿಂಗ್ ಕ್ಯಾರವಾನ್‌ಗಳು ಒಂದೂ ಇಲ್ಲ, ಸ್ಥಳದಲ್ಲೇ ನಿಲ್ಲುವ ಆರು ಕುರುಬರ ಗುಡಿಸಲು ಮಾದರಿಯ ಕೋಣೆಗಳು, ಬರುವವರು ಕಾರಿನಲ್ಲಿ ಮಾತ್ರ. ಮಾನ್ಯತೆ ಪಡೆದ ಕ್ಯಾರವಾನ್ ಕ್ಲಬ್ಬೊಂದರ ಪ್ರಮಾಣಪತ್ರವಿದ್ದರೆ ಯೋಜನಾ ಅನುಮತಿಯ ಅರ್ಜಿಯೇ ಇಲ್ಲದೆ ಐದು ಕ್ಯಾರವಾನ್‌ಗಳನ್ನು ಇರಿಸಿಕೊಳ್ಳಲು ಈ ದೇಶದಲ್ಲಿ ಅವಕಾಶವಿರುವಾಗ, ಇದನ್ನು ವಿರೋಧಿಸಲು ನನಗೆ ಸಕಾರಣ ಕಾಣಲಿಲ್ಲ. ಅಕ್ಕಪಕ್ಕದ ಕೆಲವರಿಗೆ ಅದು ಹಿಡಿಸಲಿಲ್ಲ. ನಾನು ಆಕ್ಷೇಪಣೆಯ ಬದಲು ಷರತ್ತುಗಳನ್ನು ಕೋರಿ ಬರೆದೆ. ಕೋಣೆಗಳನ್ನು ರಜಾವಾಸಕ್ಕೆ ಮಾತ್ರ ಬಳಸಬೇಕು, ಯಾರ ಕಾಯಂ ಮನೆಯೂ ಆಗಬಾರದು. ಹೊರಗಿನ ದೀಪಗಳ ವಿವರಕ್ಕೆ ಮೊದಲೇ ಒಪ್ಪಿಗೆ ಪಡೆಯಬೇಕು. ದಾರಿಗೆ ತಾಗಿದ ಹೊಲವೂ ಅರ್ಜಿದಾರರದೇ ಆದ್ದರಿಂದ ಸಿ ಮತ್ತು ಡಿ ನಡುವೆ ವಾಹನ ಸರಿದು ನಿಲ್ಲುವ ಜಾಗವನ್ನು, ಮೊದಲ ಅತಿಥಿ ಬರುವ ಮುನ್ನ, ಅವರೇ ಮಾಡಿಕೊಡಬೇಕು. ಮೂರೂ ಅನುಮತಿ ಪತ್ರದಲ್ಲಿ ಸೇರಿದವು. ಅವುಗಳ ಸಂಖ್ಯೆಗಳನ್ನು ಬರೆದಿಟ್ಟುಕೊಂಡಿದ್ದೇನೆ, ಏಕೆಂದರೆ ಷರತ್ತು ಮುರಿದರೆ ದೂರು ಕೊಡಬೇಕಾದದ್ದು ಕೌನ್ಸಿಲ್‌ನ ಜಾರಿ ವಿಭಾಗಕ್ಕೆ, ಮತ್ತು ಅಂಥ ಉಲ್ಲಂಘನೆಯ ಮೇಲೆ ಕ್ರಮ ಕೈಗೊಳ್ಳಲು ಕೌನ್ಸಿಲ್‌ಗೆ 10 ವರ್ಷಗಳ ಅವಧಿಯಿದೆ.