ಅಂಜಲ್ ತುಂಡಿಗೆ ಬೆಲ್ಲ–ಹುಣಸೆ ಪಾಕ: ಆಫೀಸಿನಿಂದ ಬಂದ ಮೇಲೆ ಮಾಡುವ ರಾತ್ರಿಯೂಟ

ಗ್ಲೇಜ್, ಅಂದರೆ ಹೊಳೆಯುವ ಸಿಹಿ ಪಾಕದ ಲೇಪ, ಹಾಕಿದ ಮೀನು ಹೆಚ್ಚಾಗಿ ಕೆಡುವುದು ಒಂದೇ ಕಾರಣಕ್ಕೆ. ಬೆಲ್ಲವನ್ನೋ ಜೇನನ್ನೋ ಮಸಾಲೆಯ ಜೊತೆಗೇ ಕಲಸಿ, ಮೀನಿಗೆ ಸವರಿ ಕಾವಲಿಗೆ ಹಾಕಿಬಿಡುತ್ತಾರೆ. ಮುಕ್ಕಾಲು ಇಂಚಿನ ತುಂಡು ಬೇಯಲು ಆರೇಳು ನಿಮಿಷ ಬೇಕು. ಬಿಸಿ ಕಾವಲಿಯ ಮೇಲೆ ಬೆಲ್ಲ ಕರಕಲಾಗಲು ಎರಡು ನಿಮಿಷ ಸಾಕು. ಹೊರಗೆ ಕಹಿ, ಮುಳ್ಳಿನ ಹತ್ತಿರ ಹಸಿ. ಅದಕ್ಕೇ ನಾನು ಪಾಕವನ್ನು ಬೇರೆ ಪಾತ್ರೆಯಲ್ಲಿ ಮಾಡಿಟ್ಟುಕೊಂಡು, ಮೀನು ಬೆಂದಾದ ಮೇಲೆ ಕೊನೆಯ ಒಂದೂವರೆ ನಿಮಿಷದಲ್ಲಿ ಮಾತ್ರ ಹಾಕುತ್ತೇನೆ. ಜಪಾನಿನ ತೆರಿಯಾಕಿಯಲ್ಲೂ ಕ್ರಮ ಇದೇ: ‘ತೆರಿ’ ಎಂದರೆ ಹೊಳಪು. ಮೀನನ್ನು ಮೊದಲು ಕಾಯಿಸಿ, ಸೋಯಾ ಸಾಸ್, ಮಿರಿನ್ (ಅಡುಗೆಗೆ ಬಳಸುವ ಅಕ್ಕಿಯ ಸಿಹಿ ಮದ್ಯ), ಸಕ್ಕರೆಯ ರಸವನ್ನು ಆಮೇಲೆ ಸುರಿದು ಹೊಳಪು ಬರಿಸುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಆ ಕೆಲಸವನ್ನು ಬೆಲ್ಲ, ಹುಣಸೆ, ಬ್ಯಾಡಗಿ ಮೆಣಸು ಸಲೀಸಾಗಿ ಮಾಡುತ್ತವೆ.

ನಾಲ್ಕು ಜನಕ್ಕೆ ನಾಲ್ಕು ತುಂಡು, ಒಟ್ಟು 500–550 ಗ್ರಾಂ. ಅಂಗಡಿಯಲ್ಲಿ ಏನೂ ಹೇಳದಿದ್ದರೆ ಮಸಾಲೆ ಫ್ರೈಗೆ ಎಂದುಕೊಂಡು ಅಂಜಲನ್ನು ತೆಳುವಾಗಿ ಕತ್ತರಿಸಿ ಕೊಡುತ್ತಾರೆ. ಅಷ್ಟು ತೆಳು ತುಂಡು ಪಾಕ ಹಿಡಿಯುವಷ್ಟರಲ್ಲಿ ಒಣಗಿ ನಾರಾಗುತ್ತದೆ. ಕತ್ತಿ ಇಡುವ ಮೊದಲೇ ‘ಮುಕ್ಕಾಲು ಇಂಚು ದಪ್ಪ ಇರಲಿ’ ಎಂದು ಹೇಳಿಬಿಡಬೇಕು. ತುಂಡಿನ ನಡುವಿನ ಕಪ್ಪು ಮಾಂಸ ಕೆಂಪಗಿದ್ದರೆ ತಾಜಾ, ಕಂದಿ ಕಂದುಬಣ್ಣಕ್ಕೆ ತಿರುಗಿದ್ದರೆ ಹಳತು.

ಮನೆಗೆ ತಂದ ಮೀನು ಫ್ರಿಜ್ಜಿನಲ್ಲೇ ಇರಬೇಕು. ಅಂಜಲ್, ಬಂಗುಡೆ, ಕೇದರ ಇವೆಲ್ಲ ಒಂದೇ ಬಳಗದವು. ಬೆಚ್ಚಗಿನ ಜಾಗದಲ್ಲಿ ಹೊತ್ತು ಕಳೆದರೆ ಇವುಗಳಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ, ಮುಖ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಬೆಳಿಗ್ಗೆ ಮಸಾಲೆ ಹಚ್ಚಿ ಸಂಜೆಯವರೆಗೆ ಕಟ್ಟೆಯ ಮೇಲೆ ಇಡುವ ಅಭ್ಯಾಸವಿದ್ದರೆ ಬಿಡುವುದು ಒಳ್ಳೆಯದು.

ಸಂಜೆ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಮಾಡುವುದು ಮೂರು ಕೆಲಸ. 15 ಗ್ರಾಂ ಹುಣಸೆ, ಅಂದರೆ ಸಣ್ಣ ನಿಂಬೆಯ ಅರ್ಧದಷ್ಟು, 80 ಮಿ.ಲೀ. ಬಿಸಿನೀರಿನಲ್ಲಿ ನೆನೆಯಲು ಹಾಕುವುದು. ಬೆಳ್ತಿಗೆ ಅಕ್ಕಿ ಕುಕ್ಕರಿಗೇರಿಸುವುದು (ಕುಚ್ಚಲಕ್ಕಿ ಬೇಯುವಷ್ಟು ಹೊತ್ತು ವಾರದ ನಡುವೆ ಯಾರಿಗಿದೆ?). ಮೀನು ತೊಳೆದು, ಒಂದು ಸಣ್ಣ ಚಮಚ ಉಪ್ಪು, ಕಾಲು ಚಮಚ ಅರಿಶಿನ ಸವರಿ ಹತ್ತು ನಿಮಿಷ ಬಿಡುವುದು. ನಿಂಬೆರಸವನ್ನಾಗಲಿ ಹುಳಿಯನ್ನಾಗಲಿ ಈಗ ಹಚ್ಚುವುದಿಲ್ಲ. ಹುಳಿಯಲ್ಲಿ ಅರ್ಧ ಗಂಟೆ ಮಿಕ್ಕಿ ಕೂತ ಮೀನಿನ ಮೇಲ್ಮೈ ಬೇಯುವ ಮೊದಲೇ ಬಿಳಿಚಿ, ತಿನ್ನುವಾಗ ಸುಣ್ಣದಂತೆ ಪುಡಿಪುಡಿಯಾಗುತ್ತದೆ.

ಈ ಹತ್ತು ನಿಮಿಷದಲ್ಲಿ ಪಾಕ. ಹುಣಸೆ ಕಿವುಚಿ, ಅದೇ ಬಿಸಿ ರಸಕ್ಕೆ 50 ಗ್ರಾಂ ಪುಡಿ ಮಾಡಿದ ಬೆಲ್ಲ ಹಾಕಿ ಕರಗಿಸಿ, ಎರಡನ್ನೂ ಒಟ್ಟಿಗೆ ಸೋಸುತ್ತೇನೆ. ಬೆಲ್ಲದ ಮರಳು, ಹುಣಸೆಯ ನಾರು ಒಂದೇ ಸಲಕ್ಕೆ ಹೋಗುತ್ತವೆ. ಉತ್ತರ ಕನ್ನಡ ಅಥವಾ ಮಲೆನಾಡಿನ ಕಡೆಯ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಸಿಕ್ಕರೆ ಇನ್ನೂ ಸಲೀಸು, ಎರಡೂವರೆ ದೊಡ್ಡ ಚಮಚ ಸಾಕು. ಸಣ್ಣ ಸ್ಟೀಲ್ ಪಾತ್ರೆಯಲ್ಲಿ ಒಂದು ಚಮಚ ತೆಂಗಿನೆಣ್ಣೆ ಬಿಸಿ ಮಾಡಿ, ತುರಿದ ಮೂರು ಎಸಳು ಬೆಳ್ಳುಳ್ಳಿ, ಅರ್ಧ ಇಂಚು ಶುಂಠಿ ಅರ್ಧ ನಿಮಿಷ ಬಾಡಿಸಬೇಕು. ಗ್ಯಾಸ್ ಆರಿಸಿ ಒಂದೂವರೆ ಸಣ್ಣ ಚಮಚ ಬ್ಯಾಡಗಿ ಮೆಣಸಿನಪುಡಿ ಹಾಕಿ, ಆ ಬಿಸಿಯಲ್ಲೇ ಎರಡು ಸುತ್ತು ತಿರುಗಿಸಿ, ತಕ್ಷಣ ಸೋಸಿದ ರಸ ಸುರಿಯಬೇಕು. ಉರಿಯ ಮೇಲೆಯೇ ಪುಡಿ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರಕಲು ವಾಸನೆ ಬಂದುಬಿಡುತ್ತದೆ. ಉಪ್ಪನ್ನು ರುಚಿ ನೋಡಿಯೇ ಹಾಕಬೇಕು. ಕೆಲವು ಬೆಲ್ಲಕ್ಕೆ ಮೊದಲೇ ಉಪ್ಪಿನ ಛಾಯೆ ಇರುತ್ತದೆ, ಮೀನಿಗೂ ಉಪ್ಪು ಬಿದ್ದಿದೆ. ಒಂದೆರಡು ಚಿಟಿಕೆ ಬೇಕಾದರೆ ಹೆಚ್ಚು.

ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಕುದಿಯಬೇಕು. ಇಲ್ಲಿ ಗಡಿಯಾರಕ್ಕಿಂತ ಗುಳ್ಳೆ ನೋಡುವುದು ಮೇಲು. ಮೊದಮೊದಲು ಸಣ್ಣ ಗುಳ್ಳೆಗಳು ಗಡಿಬಿಡಿಯಲ್ಲಿ ಏಳುತ್ತವೆ. ನೀರು ಇಂಗಿದಂತೆ ಗುಳ್ಳೆ ದೊಡ್ಡದಾಗುತ್ತವೆ, ಹೊಳೆಯುತ್ತವೆ, ಸೋಮಾರಿಗಳಂತೆ ತಡೆದು ಒಡೆಯುತ್ತವೆ. ಆಗ ಒಂದು ಹನಿಯನ್ನು ತಣ್ಣನೆಯ ಸ್ಟೀಲ್ ತಟ್ಟೆಗೆ ಬಿಟ್ಟು, ಇಪ್ಪತ್ತು ಎಣಿಸಿ ತಟ್ಟೆ ವಾಲಿಸಿ. ಹನಿ ಜೇನಿನಂತೆ ಮೆಲ್ಲಗೆ ಜಾರಿದರೆ ಆಯಿತು. ನೀರಿನಂತೆ ಓಡಿದರೆ ಇನ್ನೊಂದು ನಿಮಿಷ, ನಿಂತಲ್ಲೇ ನಿಂತರೆ ಒಂದು ಚಮಚ ಬಿಸಿನೀರು. ಚಿಕ್ಕಿಯ ಗಟ್ಟಿಪಾಕ ಖಂಡಿತ ಬೇಡ, ಒಂದೆಳೆ ಪಾಕಕ್ಕೂ ಒಂದು ಹೆಜ್ಜೆ ಹಿಂದೆಯೇ ನಿಲ್ಲಿಸಬೇಕು. ಒಲೆಯ ಮೇಲೆ ಸರಿಯಾಗಿದೆ ಎನಿಸುವಷ್ಟು ಗಟ್ಟಿ ಮಾಡಿದರೆ ತಟ್ಟೆಗೆ ಬರುವ ಹೊತ್ತಿಗೆ ಹಲ್ಲಿಗೆ ಅಂಟುತ್ತದೆ. ಕೊನೆಗೆ ಐದು ದೊಡ್ಡ ಚಮಚದಷ್ಟು ಉಳಿಯುತ್ತದೆ. ಹುಣಸೆ ಬರೀ ರುಚಿಗಲ್ಲ, ಹುಳಿ ಇದ್ದಾಗ ಬೆಲ್ಲ ಮತ್ತೆ ಹರಳುಗಟ್ಟುವುದಿಲ್ಲ, ಹೊಳಪು ಉಳಿಯುತ್ತದೆ. ಕೊಡಗಿನ ಕಾಚಂಪುಳಿ ಇದ್ದರೆ ಹುಣಸೆಯ ಬದಲು ಒಂದು ಸಣ್ಣ ಚಮಚದಿಂದ ಶುರು ಮಾಡಿ ರುಚಿ ನೋಡುತ್ತಾ ಏರಿಸಿ. ಬಣ್ಣ ಕಡುಗಪ್ಪಾಗುತ್ತದೆ, ಹದ ನೋಡುವುದು ಸ್ವಲ್ಪ ಕಷ್ಟ.

ಈ ಪಾಕವನ್ನು ಭಾನುವಾರವೇ ಎರಡರಷ್ಟು ಮಾಡಿ ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬರುತ್ತದೆ, ಬುಧವಾರದ ರಾತ್ರಿ ಹತ್ತು ನಿಮಿಷ ಉಳಿಯುತ್ತದೆ. ಹಸಿ ಮೀನು ಮುಟ್ಟಿದ ಚಮಚ ಮಾತ್ರ ಆ ಬಾಟಲಿಗೆ ಇಳಿಯಕೂಡದು.

ಈಗ ಮೀನು. ಉಪ್ಪು ಎಳೆದ ನೀರು ತುಂಡುಗಳ ಸುತ್ತ ನಿಂತಿರುತ್ತದೆ. ಅದನ್ನು ಚೆಲ್ಲಿ, ಹತ್ತಿ ಬಟ್ಟೆಯಿಂದಲೋ ಟಿಶ್ಯೂನಿಂದಲೋ ಎರಡೂ ಬದಿ ಒತ್ತಿ ಒತ್ತಿ ಒರೆಸಬೇಕು. ಅವಸರದಲ್ಲಿ ಎಲ್ಲರೂ ಬಿಡುವುದು ಈ ಒಂದು ನಿಮಿಷದ ಕೆಲಸವನ್ನೇ. ಒದ್ದೆ ಮೀನು ಹುರಿಯುವುದಿಲ್ಲ, ತನ್ನದೇ ನೀರಿನಲ್ಲಿ ಬೇಯುತ್ತದೆ. ಕಾವಲಿಗೆ ಅಂಟುತ್ತದೆ, ಆಮೇಲೆ ಹಾಕಿದ ಪಾಕವನ್ನೂ ನೀರು ಮಾಡುತ್ತದೆ. ಒರೆಸಿದ ಮೇಲೆ, ಕಾವಲಿಗೆ ಹಾಕುವ ಮುಂಚಿನ ಕ್ಷಣದಲ್ಲಿ, ಒಂದು ದೊಡ್ಡ ಚಮಚ ಅಕ್ಕಿಹಿಟ್ಟನ್ನು ನಾಲ್ಕೂ ತುಂಡಿಗೆ ತೆಳುವಾಗಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಬೇಕು. ಪಾಕಕ್ಕೆ ಹಿಡಿದುಕೊಳ್ಳಲು ಒಂದು ಒರಟು ಮೈ ಸಿಗುತ್ತದೆ. ಮೊದಲೇ ಉದುರಿಸಿಟ್ಟರೆ ಹಿಟ್ಟು ಅಂಟಾಗುತ್ತದೆ. ರವೆ ಇಲ್ಲಿ ಆಗುವುದಿಲ್ಲ, ಪಾಕ ಕುಡಿದು ಶಿರಾ ಆಗುತ್ತದೆ.

ಕಾವಲಿ ಚೆನ್ನಾಗಿ ಕಾಯಬೇಕು. ನೀರು ಚಿಮುಕಿಸಿದರೆ ಹನಿ ಮುತ್ತಾಗಿ ಓಡಬೇಕು. ಆ ನೀರು ಆರಿದ ಮೇಲೆ ಎರಡು ದೊಡ್ಡ ಚಮಚ ಎಣ್ಣೆ, ಅದು ಬಿಸಿಯಾದ ಕೂಡಲೇ ಮೀನು. ಮಧ್ಯಮಕ್ಕಿಂತ ತುಸು ಹೆಚ್ಚಿನ ಉರಿಯಲ್ಲಿ ಮೂರು ನಿಮಿಷ ಕೈ ಹಾಕಬಾರದು. ಕೆಳಗೆ ಹೊಂಬಣ್ಣದ ಪದರ ಕೂತ ಮೇಲೆ ಮೀನು ತಾನಾಗಿಯೇ ಬಿಡುತ್ತದೆ. ಸಟ್ಟುಗ ತೂರಿಸಿದಾಗ ಹಿಡಿದೆಳೆದರೆ ಇನ್ನೂ ಅರ್ಧ ನಿಮಿಷ ಕಾಯಿರಿ. ಮಗುಚಿ ಎರಡೂವರೆ ನಿಮಿಷ. ಚೂರಿಯ ತುದಿಯಿಂದ ನಡುಮುಳ್ಳಿನ ಪಕ್ಕ ಸರಿಸಿ ನೋಡಿದರೆ ಮಾಂಸ ಮುಳ್ಳು ಬಿಟ್ಟು ಬಿಳಿಯಾಗಿರಬೇಕು, ಗಾಜಿನಂತೆ ಪಾರಕವಾಗಿರಬಾರದು. ಥರ್ಮಾಮೀಟರ್ ಇದ್ದವರಿಗೆ 63 ಡಿಗ್ರಿ ಸೆಲ್ಸಿಯಸ್. ಹೊಟ್ಟೆಯ ಭಾಗ ತೆಳು, ಆ ತುದಿಯನ್ನು ಕಾವಲಿಯ ಅಂಚಿನ ಕಡೆಗೆ ಇಟ್ಟರೆ ಸಮನಾಗಿ ಬೇಯುತ್ತದೆ.

ಉಳಿದ ಎಣ್ಣೆ ಬಸಿದು ಉರಿ ಪೂರ್ತಿ ಸಣ್ಣ ಮಾಡಿ. ಅರ್ಧ ಪಾಕ ಮೇಲೆ ಹಾಕಿ 45 ಸೆಕೆಂಡು, ಮೆಲ್ಲಗೆ ಮಗುಚಿ ಉಳಿದರ್ಧ, ಇನ್ನೊಂದು 45 ಸೆಕೆಂಡು. ಕಬ್ಬಿಣದ ಕಾವಲಿಯಾದರೆ ಈ ಹಂತದಲ್ಲಿ ನಾನು ಗ್ಯಾಸ್ ಆರಿಸಿಯೇಬಿಡುತ್ತೇನೆ, ಅದರ ಮೈಬಿಸಿಯೇ ಸಾಕು. ಪಾಕವನ್ನು ಅದರಲ್ಲೇ ಕುದಿಸದಿರುವುದಕ್ಕೂ ಕಾರಣವಿದೆ: ಹುಳಿ ಬಹಳ ಹೊತ್ತು ನಿಂತರೆ ಕಾವಲಿ ಪಳಗಿದ ಪದರ ಬಿಡುತ್ತದೆ, ಪಾಕಕ್ಕೆ ಕಬ್ಬಿಣದ ರುಚಿ ಹತ್ತುತ್ತದೆ.

ಪಾಕ ತಿಳಿಯಾಗಿ ಹರಡಿಕೊಂಡರೆ ಮೀನನ್ನು ತಟ್ಟೆಗೆ ತೆಗೆದು, ಬರೀ ಪಾಕವನ್ನು ಗಟ್ಟಿ ಮಾಡಿ ಮೇಲೆ ಸುರಿಯಿರಿ. ಮೀನನ್ನು ಅದರೊಳಗೇ ಬಿಟ್ಟು ಇಂಗಿಸಲು ಹೋದರೆ ಒಣಗುತ್ತದೆ. ಸಿಹಿ ಮುಂದಾಯಿತು ಎನಿಸಿದರೆ ನಾಲ್ಕು ಹನಿ ನಿಂಬೆರಸ. ಕರಟಿದ ಪಾಕಕ್ಕೆ ಮದ್ದಿಲ್ಲ, ಕೆರೆದು ತೆಗೆದು ಬರೀ ಮೀನು ತಿನ್ನುವುದೇ.

ಬಂಗುಡೆಗೂ ಇದು ಹೊಂದುತ್ತದೆ. ಇಡೀ ಮೀನಿಗೆ ಎರಡೂ ಬದಿ ಮೂರು ಮೂರು ಗೀರು ಹಾಕಿ, ಬದಿಗೆ ನಾಲ್ಕು ನಿಮಿಷ. ಬೂತಾಯಿಗೆ ಬೇಡ, ಕಾಣೆಗೆ ಹಾಕಿದರೆ ಮೀನಿಗೆ ಅನ್ಯಾಯ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಫ್ರೋಜನ್ ಅಂಜಲ್ ಕೈಗೆ ಬರುವುದೇ ಹೆಚ್ಚು. ಆ ಪ್ಯಾಕೆಟ್ಟಿನ ಮೇಲೆ ‘ಗ್ಲೇಜ್’ ಎಂದು ಕಂಡರೆ ಬೆಲ್ಲವೆಂದು ತಿಳಿಯಬೇಡಿ. ಅದು ಮೀನಿಗೆ ಹೊದಿಸಿದ ಐಸ್, ಅದನ್ನು ಕಳೆದ ನಿವ್ವಳ ತೂಕ ನೋಡಿ ಕೊಳ್ಳಬೇಕು. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಖಾನೆಗೆ ಇಳಿಸಿ ಕರಗಿಸಿ, ಇನ್ನೂ ಜೋರಾಗಿ ಒತ್ತಿ ಒರೆಸಿ.

ಪಕ್ಕಕ್ಕೆ ಅನ್ನ, ಬೆಳ್ಳುಳ್ಳಿ ಒಗ್ಗರಣೆಯ ತೊವ್ವೆ, ಸೌತೆಕಾಯಿ ಹೋಳು. ಪಾಕದಲ್ಲೇ ಹುಳಿ ಇರುವಾಗ ಪುನರ್ಪುಳಿ ಸಾರು ಬೇಡ, ಹುಳಿಯ ಮೇಲೆ ಹುಳಿಯಾಗುತ್ತದೆ.

ಊಟಕ್ಕೆ ಕೂರುವ ಮುನ್ನ ಬಿಸಿ ಕಾವಲಿಗೆ ಒಂದು ಲೋಟ ಬಿಸಿನೀರು ಸುರಿದಿಟ್ಟರೆ ಅಂಟಿದ ಬೆಲ್ಲ ಊಟ ಮುಗಿಯುವಷ್ಟರಲ್ಲಿ ತಾನೇ ಬಿಟ್ಟಿರುತ್ತದೆ. ತಣ್ಣೀರು ಬೇಡ, ಎರಕದ ಕಾವಲಿ ಬಿರುಕು ಬಿಡಬಹುದು. ತೊಳೆದ ಕೂಡಲೇ ಒಲೆಯ ಮೇಲೆ ಒಣಗಿಸಿ ನಾಲ್ಕು ಹನಿ ಎಣ್ಣೆ ಸವರಿ. ಬೆಳಗಿನ ದೋಸೆಗೆ ಮೀನಿನ ವಾಸನೆ ಬರಬಾರದು ಎನ್ನುವವರು ಇದಕ್ಕೆಂದೇ ಬೇರೆ ಕಾವಲಿ ಇಟ್ಟುಕೊಳ್ಳಿ.