‘ಎ ಯಾವುದು?’ ಎಂದು ಕೇಳಿದರೆ ಬಿಡಿಸುವುದು ಹೇಗೆ

ರಸಾಯನಶಾಸ್ತ್ರದ ಪ್ರಶ್ನೆಯಲ್ಲಿ ‘ಅಯೊಡೋಫಾರ್ಮ್’ ಎಂಬ ಪದ ಕಂಡದ್ದೇ ತಡ, ಅರ್ಧ ತರಗತಿ ‘ಅಸಿಟೋನ್’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿರುತ್ತದೆ. ಕಾರ್ಬನ್ ಎಷ್ಟಿದೆ ಎಂದು ಎಣಿಸಿದವರು ಕಡಿಮೆ. ಈ ಪ್ರಶ್ನೆ ನೋಡಿ:

ಎ ಸಂಯುಕ್ತದಲ್ಲಿ 5 ಕಾರ್ಬನ್, 10 ಹೈಡ್ರೋಜನ್, 1 ಆಕ್ಸಿಜನ್. 2,4-ಡಿಎನ್‌ಪಿ ಜೊತೆ ಪ್ರಕ್ಷೇಪ ಬರುತ್ತದೆ. ಟಾಲೆನ್ಸ್ ಪರೀಕ್ಷೆಯಲ್ಲಿ ಬೆಳ್ಳಿಯ ಕನ್ನಡಿ ಬರುವುದಿಲ್ಲ. ಅಯೊಡೋಫಾರ್ಮ್ ಬರುತ್ತದೆ. ಕ್ಲೆಮೆನ್ಸನ್ ಅಪಕರ್ಷಣೆಯಿಂದ ಕವಲಿಲ್ಲದ ಪೆಂಟೇನ್ ಸಿಗುತ್ತದೆ. ಎ ಯಾವುದು?

ಹಂತ 1: ಸುಳಿವುಗಳನ್ನು ಸಾಲಿಗೊಂದರಂತೆ ಬರೆದುಕೊಳ್ಳಿ.

ಹಂತ 2: ಕಾರ್ಬನ್ ಸಂಖ್ಯೆಯನ್ನು ಇಮ್ಮಡಿ ಮಾಡಿ 2 ಕೂಡಿಸಿ, ಹೈಡ್ರೋಜನ್ ಕಳೆದು, ಅರ್ಧ ಮಾಡಿ. ಇಲ್ಲಿ 12ರಲ್ಲಿ 10 ಹೋಗಿ 2, ಅರ್ಧ 1. ಅಂದರೆ ಒಂದು ದ್ವಿಬಂಧ ಅಥವಾ ಒಂದು ಉಂಗುರ. ಡಿಎನ್‌ಪಿ ಎಂಬುದು ಆಲ್ಡಿಹೈಡ್, ಕೀಟೋನ್‌ಗಳನ್ನು ಗುರುತಿಸುವ ಕಾರಕ. ಅದರ ಪ್ರಕ್ಷೇಪ ಬಂದಿರುವುದರಿಂದ ಆ ಒಂದು ಕಾರ್ಬೊನಿಲ್‌ಗೇ (ಕಾರ್ಬನ್–ಆಕ್ಸಿಜನ್ ದ್ವಿಬಂಧಕ್ಕೇ) ಖರ್ಚಾಯಿತು. ಉಂಗುರದ ಮಾತೇ ಬೇಡ.

ಹಂತ 3: ಎಡವುವುದು ಇಲ್ಲೇ. ಸಾಧ್ಯವಿರುವ ರಚನೆಗಳನ್ನೆಲ್ಲ ಬರೆಯಬೇಕು. ನೆನಪಿಗೆ ಬಂದ ಹಾಗೆ ಬರೆದರೆ ಒಂದು ಬಿಟ್ಟುಹೋಗುತ್ತದೆ, ಇನ್ನೊಂದು ಎರಡು ಸಲ ಬರುತ್ತದೆ. ಮೊದಲು ಬರೀ ಕಾರ್ಬನ್ ಸರಪಳಿ ಗೀಚಿ: ನೇರ, ಒಂದು ಕವಲು, ಎರಡು ಕವಲು. ಮೂರೇ. ಆಮೇಲೆ ಪ್ರತಿಯೊಂದರಲ್ಲೂ ಕಾರ್ಬೊನಿಲ್ ಕೂರಿಸುತ್ತ ಹೋಗಿ. ತುದಿಯಲ್ಲಿದ್ದರೆ ಆಲ್ಡಿಹೈಡ್, ನಡುವೆ ಇದ್ದರೆ ಕೀಟೋನ್. ನೇರ ಸರಪಳಿಯಲ್ಲಿ ಪೆಂಟನಾಲ್, 2-ಪೆಂಟನೋನ್, 3-ಪೆಂಟನೋನ್. (ಕೆಲವರು 4-ಪೆಂಟನೋನ್ ಕೂಡ ಬರೆಯುತ್ತಾರೆ. ಆ ತುದಿಯಿಂದ ಎಣಿಸಿ ನೋಡಿ, ಅದು 2-ಪೆಂಟನೋನೇ.) ಒಂದು ಕವಲಿನದರಲ್ಲಿ 2-ಮಿಥೈಲ್‌ಬ್ಯುಟನಾಲ್, 3-ಮಿಥೈಲ್‌ಬ್ಯುಟನಾಲ್, 3-ಮಿಥೈಲ್-2-ಬ್ಯುಟನೋನ್. ಎರಡು ಕವಲಿನದರಲ್ಲಿ ನಡುವಿನ ಕಾರ್ಬನ್‌ಗೆ ನಾಲ್ಕು ಕೈಯೂ ಭರ್ತಿ, ಹಾಗಾಗಿ ಒಂದು ಆಲ್ಡಿಹೈಡ್ ಮಾತ್ರ. ಒಟ್ಟು 7.

ಹಂತ 4: ಪೆನ್ನಿನಲ್ಲೇ ಹೊಡೆದುಹಾಕಿ, ರಬ್ಬರ್ ಮುಟ್ಟಬೇಡಿ, ಹೊಡೆದದ್ದು ಕಾಣಿಸುತ್ತಿರಲಿ. ಬೆಳ್ಳಿಯ ಕನ್ನಡಿ ಕೊಡುವುದು ಆಲ್ಡಿಹೈಡ್, ಹಾಗಾಗಿ ಟಾಲೆನ್ಸ್ ‘ಇಲ್ಲ’ ಎಂದದ್ದಕ್ಕೆ ನಾಲ್ಕು ಆಲ್ಡಿಹೈಡ್‌ಗಳೂ ಹೋದವು. ‘ಬರುವುದಿಲ್ಲ’ ಎಂಬ ಸಾಲನ್ನು ಹಾರಿಸಿ ಓದುವವರಿಗೆ ಈ ಲಾಭವೇ ಇಲ್ಲ. ಅಯೊಡೋಫಾರ್ಮ್ ಬರಲು ಕಾರ್ಬೊನಿಲ್ ಪಕ್ಕದಲ್ಲೇ ಮಿಥೈಲ್ ಇರಬೇಕು, ಹಾಗಾಗಿ 3-ಪೆಂಟನೋನ್ ಹೋಯಿತು. ಕ್ಲೆಮೆನ್ಸನ್‌ನಲ್ಲಿ ಕಾರ್ಬೊನಿಲ್‌ನ ಆಕ್ಸಿಜನ್ ಹೋಗುತ್ತದೆ, ಸರಪಳಿ ಹಾಗೇ ಉಳಿಯುತ್ತದೆ. ಕವಲಿಲ್ಲದ ಪೆಂಟೇನ್ ಸಿಕ್ಕಿದ್ದರಿಂದ ಕವಲಿನದೂ ಹೋಯಿತು. ಉಳಿದದ್ದು 2-ಪೆಂಟನೋನ್.

ಹಂತ 5: ಉತ್ತರವನ್ನು ಎಲ್ಲ ಸುಳಿವಿಗೂ ತಾಳೆ ನೋಡಿ.

ಉತ್ತರವನ್ನಷ್ಟೇ ಅಚ್ಚುಹಾಕುವ ಗೈಡುಗಳನ್ನು ದೂರ ಇಡಿ. ‘ಪರೀಕ್ಷೆ–ಬಣ್ಣ’ ಪಟ್ಟಿ ಉರುಹೊಡೆಯುವ ಅಡ್ಡದಾರಿಯೂ ಬೇಡ. ಹಳದಿ ಕ್ರೋಮೇಟ್‌ಗೆ ಆಮ್ಲ ಬಿದ್ದು ಕಿತ್ತಳೆ ಆದರೆ ‘ರೆಡಾಕ್ಸ್’ ಎನ್ನುವವರು ಅಂಥ ಪಟ್ಟಿಯವರೇ. ಎರಡರಲ್ಲೂ ಕ್ರೋಮಿಯಂನ ಉತ್ಕರ್ಷಣ ಸಂಖ್ಯೆ +6, ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಂಡದ್ದೇ ಇಲ್ಲ.

ಅಕಾರ್ಬನಿಕದಲ್ಲೂ ಇದೇ ವರಸೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದಾಗ ಬಿಳಿ ಪ್ರಕ್ಷೇಪ, ಹೆಚ್ಚು ಹಾಕಿದರೆ ಕರಗುತ್ತದೆ ಎಂದಿದ್ದರೆ ‘ಅಲ್ಯೂಮಿನಿಯಂ’ ಎಂದು ಬರೆಯಬೇಡಿ. ಸತು, ಸೀಸವನ್ನೂ ಪಕ್ಕದಲ್ಲಿ ಬರೆಯಿರಿ. ಹೆಚ್ಚುವರಿ ಅಮೋನಿಯಾದಲ್ಲಿ ಪ್ರಕ್ಷೇಪ ಕರಗಿದರೆ ಸತು. ಕರಗದಿದ್ದರೆ ಪೊಟ್ಯಾಸಿಯಂ ಅಯೊಡೈಡ್‌ನ ಸುಳಿವು ಹುಡುಕಿ. ಹಳದಿ ಪ್ರಕ್ಷೇಪ ಎಂದಿದ್ದರೆ ಸೀಸ.