ಎ.ಸಿ. ತರುವ ಮೊದಲು ತಾರಸಿಗೆ ಸುಣ್ಣ

ಕಲಬುರಗಿಯಲ್ಲಿ ನಮ್ಮದು ಒಂದಂತಸ್ತಿನ ಆರ್‌ಸಿಸಿ ಮನೆ. ಮೇ ತಿಂಗಳಲ್ಲಿ ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಛತ್ತು ಮುಟ್ಟಿದರೆ, ಒಲೆಯಿಂದ ಇಳಿಸಿ ಅರ್ಧ ತಾಸಾದ ಹೆಂಚಿನಷ್ಟು ಬಿಸಿ. ಅತ್ತೆಯವರು ಮಂಚ ಬಿಟ್ಟು ಶಹಾಬಾದ್ ಕಲ್ಲಿನ ನೆಲದ ಮೇಲೆ ಮಲಗುತ್ತಿದ್ದರು.

ಮೇ ನಡುವಿನ ಹೊತ್ತಿಗೆ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಗೇ ಬರುತ್ತಾನೆ. ಗೋಡೆಗಿಂತ ತಾರಸಿಯೇ ಹೆಚ್ಚು ಬಿಸಿಲು ಕುಡಿಯುತ್ತದೆ, ರಾತ್ರಿಯಿಡೀ ಅದನ್ನು ಕೆಳಗೆ ಬಿಡುತ್ತದೆ. ಹಾಗಾಗಿ ಖರ್ಚು ಮಾಡುವುದಾದರೆ ಮೊದಲು ಅಲ್ಲೇ ಮಾಡಿ.

ಬಿಸಿಲನ್ನು ವಾಪಸು ಎಸೆಯುವಂತೆ ತಾರಸಿಗೆ ಬೆಳ್ಳಗೆ ಸುಣ್ಣ ಬಳಿಯುವ ಕೆಲಸವನ್ನು ಶಿವರಾತ್ರಿಯ ಹೊತ್ತಿಗೆ ಶುರು ಮಾಡಿ. ತಾರಸಿ ಗುಡಿಸಿ, ತೊಳೆದು, ಪಾಚಿ ಕೆರೆದು ತೆಗೆಯಿರಿ. ಬಿರುಕಿದ್ದರೆ ಮೊದಲು ಮುಚ್ಚಿಸಿ. ಸುಣ್ಣ ಸೋರಿಕೆ ನಿಲ್ಲಿಸುವುದಿಲ್ಲ. ಸುಟ್ಟ ಸುಣ್ಣದ ಹರಳನ್ನು ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ತಡೆಯುವುದಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು. ಮಕ್ಕಳನ್ನು ಹತ್ತಿರ ಬಿಡಬೇಡಿ. ಮರುದಿನ ಹಳೇ ಪಂಚೆಯಲ್ಲಿ ಸೋಸಿ, ಅಂಟಿಗೆ ಒಂದಿಷ್ಟು ಫೆವಿಕಾಲ್ ಕಲಸಿ, ಮಜ್ಜಿಗೆಯ ಹದಕ್ಕೆ ತನ್ನಿ. ನಮ್ಮ 600 ಚದರಡಿಗೆ 20 ಕೆಜಿ ಸುಣ್ಣ ಹಿಡಿಯಿತು.

ಮೊದಲ ವರ್ಷ ನಾನು ಮಟಮಟ ಮಧ್ಯಾಹ್ನ ಬಳಿಸಿದೆ. ಗಳಿಗೆಯಲ್ಲಿ ಒಣಗಿತು, ವಾರದೊಳಗೆ ಪುಡಿಪುಡಿಯಾಗಿ ಅಂಗಾಲಿಗೆ ಹತ್ತಿತು. ಸುಣ್ಣ ಗಟ್ಟಿಯಾಗುವುದು ಗಾಳಿ ಹೀರಿಕೊಂಡು, ನಿಧಾನಕ್ಕೆ; ಅದಕ್ಕೆ ತೇವ ಬೇಕು. ಬಿಸಿಲು ಇಳಿದ ಮೇಲೆ ತಾರಸಿಗೆ ನೀರು ಚಿಮುಕಿಸಿ, ತೆಳ್ಳಗೆ ಒಂದು ಕೈ ಬಳಿಯಿರಿ. ಮರುಸಂಜೆ ಅಡ್ಡಡ್ಡ ಎರಡನೇ ಕೈ, ಅದರ ಮರುದಿನ ಮೂರನೆಯದು. ಮಳೆಗಾಲ ಮುಗಿಯುವಷ್ಟರಲ್ಲಿ ಇದು ಮಾಸುತ್ತದೆ, ಪ್ರತಿ ವರ್ಷ ಬಳಿಯಲೇಬೇಕು. ನನಗೆ ಅದು ಭಾರ ಅನ್ನಿಸಿಲ್ಲ. ಹೀಗೆ ಸರಿಯಾಗಿ ಬಳಿದ ಬೇಸಿಗೆಯೇ ಅತ್ತೆ ಮಂಚಕ್ಕೆ ಮರಳಿದರು.

ಆಮೇಲೆ ಪಡುವಣ ಕಿಟಕಿ. ಇಳಿಬಿಸಿಲು ಓರೆಯಾಗಿ ಬರುವುದರಿಂದ ಸಜ್ಜಾ ಅದನ್ನು ತಡೆಯುವುದಿಲ್ಲ. ಒಳಗೆ ಪರದೆ ಕಟ್ಟಿದರೆ ಶಾಖ ಆಗಲೇ ಗಾಜು ದಾಟಿರುತ್ತದೆ. ಬಿದಿರಿನ ಚಿಕ್, ಅಂದರೆ ಕಡ್ಡಿ ಪರದೆಯನ್ನು ಹೊರಗಡೆಗೆ ಇಳಿಬಿಡಿ. ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ, ಹೊರಗಿನ ಗಾಳಿ ತಣ್ಣಗಾದ ಮೇಲೆ ಎಲ್ಲ ತೆರೆಯಿರಿ.

ಫ್ಯಾನಿನ ಲೆಕ್ಕವನ್ನೂ ನೋಡಿ. ಹಳೆಯದು ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ಮೂರು ಫ್ಯಾನು ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 48 ಯೂನಿಟ್ ಉಳಿಯುತ್ತದೆ. ಒಮ್ಮೆಗೇ ಮೂರನ್ನೂ ಕೊಳ್ಳಲು ಆಗದಿದ್ದರೆ ಮಲಗುವ ಕೋಣೆಯದನ್ನು ಮೊದಲು ಬದಲಿಸಿ, ಹೆಚ್ಚು ಹೊತ್ತು ತಿರುಗುವುದು ಅದೇ.

ಇಷ್ಟಾದ ಮೇಲೂ ಸೆಕೆ ತಡೆಯದಿದ್ದರೆ ಒಂದು ಕೋಣೆಗೆ ಮಾತ್ರ ಎ.ಸಿ. ಹಾಕಿಸಿ. 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿಕೊಳ್ಳಿ.